ದೋಸೆ ಹಿಟ್ಟು ಮತ್ತು ಹೀಟ್ ಪಂಪು

ನಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್ ಇತ್ತು. ಎಣ್ಣೆ ಕುಡಿದು ಸ್ನಾನಕ್ಕೆ ನೀರು ಕಾಯಿಸುವುದು, ಚಳಿಗಾಲದಲ್ಲಿ ಬಿಸಿನೀರನ್ನು ಕೋಣೆಗಳ ಗೋಡೆಬುಡದಲ್ಲಿ ಸುತ್ತಾಡಿಸಿ ಮನೆಯನ್ನು ಬೆಚ್ಚಗಿಡುವುದು ಅದರ ಕಸುಬು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದೂರದ ಊರಲ್ಲಿ, 1962ರಲ್ಲಿ ಕಟ್ಟಿದ ಮನೆಯೊಂದನ್ನು ನಾವು ಕೊಂಡಾಗ ಮನೆಯ ಜೊತೆಗೇ ಬಂದ ಬಳುವಳಿ ಅದು. ಊರಿನ ಉಳಿದ ಮನೆಗಳ ಬಾಯ್ಲರಿಗೆ ಇಷ್ಟೇ ಕೆಲಸ. ನಮ್ಮದಕ್ಕೆ ಇನ್ನೊಂದಿತ್ತು: ದೋಸೆ ಹಿಟ್ಟು ಉಬ್ಬಿಸುವುದು.

ಇಲ್ಲಿ ನವೆಂಬರ್ ಕಾಲಿಟ್ಟಿತೆಂದರೆ ಹಿಟ್ಟು ಮುಷ್ಕರ ಹೂಡುತ್ತದೆ. ರುಬ್ಬಿ ಅಡುಗೆಕಟ್ಟೆಯ ಮೇಲಿಟ್ಟರೆ ಎರಡು ದಿನವಾದರೂ ಇಟ್ಟಲ್ಲೇ, ಇಟ್ಟಷ್ಟೇ. ಮೊದಲ ಚಳಿಗಾಲವೆಲ್ಲ ನಾವು ದೋಸೆಯ ಹೆಸರಿನಲ್ಲಿ ತಿಂದದ್ದು ಉದ್ದಿನ ವಾಸನೆಯ ಅಕ್ಕಿರೊಟ್ಟಿ. ಎರಡನೆಯ ವರ್ಷ ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದ ಹೆಂಡತಿ, ಬಾಯ್ಲರಿನ ಮಗ್ಗುಲಲ್ಲಿ ಒಂದು ಹಳೆಯ ಸ್ಟೂಲ್ ಹಾಕಿ, ಅದರ ಮೇಲೆ ಹಿಟ್ಟಿನ ಪಾತ್ರೆಯಿಟ್ಟು, ಟವೆಲ್ ಹೊದಿಸಿ ಬಂದಳು. ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕುತ್ತಿತ್ತು. ಅಂದಿನಿಂದ ಹನ್ನೊಂದು ವರ್ಷ, ಬೇಸಿಗೆಯಲ್ಲೂ ಬಿಡದೆ, ಶುಕ್ರವಾರ ರಾತ್ರಿಯಾದರೆ ಪಾತ್ರೆ ಮೆಟ್ಟಿಲಿಳಿಯುತ್ತಿತ್ತು, ಶನಿವಾರ ಬೆಳಿಗ್ಗೆ ಉಬ್ಬಿಕೊಂಡು ಮೇಲೆ ಬರುತ್ತಿತ್ತು.

2025ರ ಮಾರ್ಚಿನಲ್ಲಿ ಬಾಯ್ಲರಿನ ಕಾಲಬುಡದಲ್ಲಿ ನೀರು ಕಾಣಿಸಿತು. ರಿಪೇರಿಯವನು ಬಂದು ಡಾಕ್ಟರು ಬೆನ್ನು ತಟ್ಟಿ ನೋಡುವಂತೆ ತಟ್ಟಿದ, ಟಾರ್ಚು ಬಿಟ್ಟು ಇಣುಕಿದ, ಕೊನೆಗೆ "ಇನ್ನೊಂದು ಚಳಿಗಾಲ ಎಳೀಬಹುದು" ಎಂದ. ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುತ್ತಾರಲ್ಲ, ಅದೇ ದನಿ.

ಆ ಯಂತ್ರದ ಹೊಟ್ಟೆಬಾಕತನ ನನಗೆ ಮೊದಲಿಂದಲೂ ಸಂಕಟದ ವಿಷಯ. ಇಲ್ಲಿನ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ 275 ಗ್ಯಾಲನ್ನಿನ, ಅಂದರೆ ಸಾವಿರ ಲೀಟರಿಗೂ ಮಿಕ್ಕಿದ ಒಂದು ಎಣ್ಣೆ ಟ್ಯಾಂಕು ಇರುತ್ತದೆ. ಲಾರಿಯವನು ಹೊರಗೆ ನಿಂತೇ ಗೋಡೆಯ ಪೈಪಿಗೆ ಕೊಳವೆ ಸಿಕ್ಕಿಸಿ ತುಂಬುತ್ತಾನೆ. ಒಳಗೆ ಎಷ್ಟು ತುಂಬಿತೆಂದು ಅವನಿಗೆ ಕಾಣುವುದಿಲ್ಲ, ಕೇಳುತ್ತದೆ. ಎಣ್ಣೆ ಒಳಗೆ ಹೋದ ಹಾಗೆ ಹೊರಬರುವ ಗಾಳಿ ಸಿಳ್ಳೆ ಹೊಡೆಯುತ್ತದೆ. ಸಿಳ್ಳೆ ನಿಂತರೆ ಟ್ಯಾಂಕು ತುಂಬಿತೆಂದು ಲೆಕ್ಕ. ಕುಕ್ಕರ್ ಮೂರು ಸಲ ಕೂಗಿದರೆ ಅನ್ನವಾದರೂ ಆಗುತ್ತದೆ. ಇದು ಕೂಗಿದಷ್ಟು ಹೊತ್ತೂ ನನ್ನ ಜೇಬು ಬರಿದಾಗುತ್ತಿತ್ತು.

ಇನ್ನು ಎಣ್ಣೆ ಸಾಕು, ಹೀಟ್ ಪಂಪು ಹಾಕಿಸೋಣ ಎಂದು ತೀರ್ಮಾನಿಸಿದೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಹಿಟ್ಟು?"

"ಅದಕ್ಕೇನಾದ್ರೂ ಮಾಡೋಣ" ಎಂದೆ. ಮುಂದಿನ ಏಳು ತಿಂಗಳು ಈ ಮಾತನ್ನು ಅವಳು ಮರೆಯಲಿಲ್ಲ.

ಏಪ್ರಿಲಿನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಳು. ಬಿಸಿನೀರಿನ ವಿಷಯದಲ್ಲಿ ಅಮ್ಮನದು ಅರವತ್ತು ವರ್ಷದ ಅನುಭವ. ಬಚ್ಚಲೊಲೆ, ಅದರ ಮೇಲೆ ತಾಮ್ರದ ಹಂಡೆ, ಬಾಯಿಗೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ. ಮಳೆಗಾಲದಲ್ಲಿ ಅದೇ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು. ಹೊಸ ಯಂತ್ರ ಎಣ್ಣೆಯಿಲ್ಲದೆ, ಬೆಂಕಿಯಿಲ್ಲದೆ ಹೊರಗಿನ ಗಾಳಿಯಿಂದಲೇ ಬಿಸಿ ತಂದು ಮನೆಯೊಳಗೆ ಸುರಿಯುತ್ತದೆ ಎಂದು ನಾನು ಹೇಳಿದಾಗ ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

"ಹೊರಗೆ ಮಂಜುಗಡ್ಡೆ ಬಿದ್ದಿರ್ತದೆ ಅಂತೀಯ. ಅದ್ರಲ್ಲಿ ಬಿಸಿ ಎಲ್ಲಿಂದ ಬರ್ತದೋ?"

"ಅಮ್ಮಾ, ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡು."

ಇಟ್ಟಳು. ಬೆಚ್ಚಗಿತ್ತು. ಒಳಗಿರುವ ಹಾಲು ಮೊಸರಿನ ಬಿಸಿಯನ್ನು ಎಳೆದು ಹಿಂದಕ್ಕೆ ತಳ್ಳುವುದೇ ಫ್ರಿಜ್ಜಿನ ಕೆಲಸ, ಅದರ ಕೊಳವೆಯಲ್ಲಿ ಓಡುವ ದ್ರವ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ ಎಂದೆ. ಹೀಟ್ ಪಂಪಿನ ದ್ರವ ಸುಮಾರು ಮೈನಸ್ 50 ಡಿಗ್ರಿಗೇ ಕುದಿಯುವಂಥದ್ದು. ಅಷ್ಟರಲ್ಲೇ ಕುದಿಯುವ ದ್ರವಕ್ಕೆ ಮೈನಸ್ 10ರ ಗಾಳಿ ಬಚ್ಚಲೊಲೆಯಿದ್ದ ಹಾಗೆ. ಗಾಳಿ ತಾಗಿ ಕುದಿದು ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಇನ್ನಷ್ಟು ಬಿಸಿ ಮಾಡಿ ಮನೆಯೊಳಗೆ ತಂದು ಬಿಡುತ್ತದೆ. ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಎರಡೂವರೆ, ಮೂರು ಯೂನಿಟ್ಟಿನ ಬಿಸಿ ಸಿಗುವುದು.

ಅಮ್ಮ ಸ್ವಲ್ಪ ಹೊತ್ತು ಫ್ರಿಜ್ಜನ್ನೇ ನೋಡಿದಳು. "ಹಂಗಾದ್ರೆ ಹಿತ್ಲಲ್ಲಿ ಫ್ರಿಜ್ಜಿನ ಹೊಟ್ಟೆ, ಮನೆಯೊಳಗೆ ಫ್ರಿಜ್ಜಿನ ಬೆನ್ನು. ಅಷ್ಟೇ ತಾನೆ?" ಎಂದಳು.

ಆಮೇಲೆ ಬಂದ ಯಾವ ಕಾಂಟ್ರಾಕ್ಟರೂ ಇದಕ್ಕಿಂತ ಚೆನ್ನಾಗಿ ವಿವರಿಸಲಿಲ್ಲ. ಇದೇನು ಹೊಸ ವಿದ್ಯೆಯೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ 1852ರಲ್ಲೇ ಇದರ ತತ್ವ ಬರೆದಿಟ್ಟಿದ್ದ. ಜ್ಯೂರಿಕ್ ನಗರದ ಪುರಭವನ 1938ರಲ್ಲೇ ಪಕ್ಕದ ಲಿಮ್ಮಾಟ್ ಹೊಳೆಯ ತಣ್ಣೀರಿನಿಂದ ಬಿಸಿ ಎಳೆದುಕೊಂಡು ಚಳಿ ಕಾಯಿಸಿಕೊಳ್ಳುತ್ತಿತ್ತು. ತಡವಾಗಿ ಎಚ್ಚತ್ತವನು ನಾನು.

ಎಚ್ಚತ್ತದ್ದೂ ಒಂಟಿಯಾಗಿ ಅಲ್ಲ. ಆ ವರ್ಷ ಜುಲೈ 4ರಂದು ಸಹಿಯಾದ ಹೊಸ ಕಾನೂನಿನ ಪ್ರಕಾರ, ಹೀಟ್ ಪಂಪು ಹಾಕಿಸಿದವರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ವಿನಾಯಿತಿ, ಅಂದರೆ ಖರ್ಚಿನ ಶೇಕಡಾ 30, ಹೆಚ್ಚೆಂದರೆ 2,000 ಡಾಲರ್, ಡಿಸೆಂಬರ್ 31ಕ್ಕೆ ಮುಗಿಯುವುದಿತ್ತು. ಸುದ್ದಿ ಹರಡಿದ್ದೇ ತಡ, ಇಡೀ ಊರೇ ಹೀಟ್ ಪಂಪಿಗೆ ಸಾಲು ನಿಂತಿತು. ಕನ್ನಡ ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತರೆ ಹಿಂದಿನವರೊಬ್ಬರು, ಮುಂದಿನವರಿಬ್ಬರು ಸಲಹೆ ಬಡಿಸುತ್ತಿದ್ದರು. ಒಬ್ಬರು "ಮೊದ್ಲು ಸೋಲಾರ್ ಹಾಕ್ಸಿ, ಆಮೇಲೆ ಇದು" ಎಂದರು. ಇನ್ನೊಬ್ಬರು ಗಾಳಿಯ ಸಹವಾಸವೇ ಬೇಡ, ಅಂಗಳದಲ್ಲಿ ಬೋರ್ ಕೊರೆಸಿ ಭೂಮಿಯ ಬಿಸಿ ತೆಗೆಯಿರಿ ಎಂದರು. ಬೋರು ಎಂದೊಡನೆ ನನಗೆ ಕೋಲಾರ ನೆನಪಾಯಿತು, ಬೇಡವೆಂದೆ. ಮೂರನೆಯವರು ತಮ್ಮ ಭಾವಮೈದ ನಾಲ್ಕು ವರ್ಷದ ಹಿಂದೆ ಇದರ ಅರ್ಧ ದುಡ್ಡಿಗೆ ಮಾಡಿಸಿದ್ದನ್ನು ಹೇಳಿ ಹೊಟ್ಟೆ ತುಂಬಿಸಿದರು. ಆ ಭಾವಮೈದ ಎಲ್ಲರಿಗೂ ಇರುತ್ತಾನೆ. ಅವನು ಎಲ್ಲವನ್ನೂ ನಾಲ್ಕು ವರ್ಷದ ಹಿಂದೆ ಅರ್ಧ ದುಡ್ಡಿಗೇ ಮಾಡಿಸಿರುತ್ತಾನೆ.

ನಮ್ಮ ರಾಜ್ಯದಲ್ಲಿ ಮ್ಯಾಸ್ ಸೇವ್ ಎಂಬ ಯೋಜನೆಯಿದೆ. ಕರೆಂಟು, ಗ್ಯಾಸಿನ ಕಂಪನಿಗಳು ಸೇರಿ ನಡೆಸುವಂಥದ್ದು. ಮನೆಯಿಡೀ ಹೀಟ್ ಪಂಪಿಗೆ ಬದಲಾದರೆ ಆ ವರ್ಷ ಟನ್ನಿಗೆ 3,000 ಡಾಲರಿನಂತೆ, ಗರಿಷ್ಠ 10,000 ಡಾಲರಿನವರೆಗೆ ವಾಪಸು ಕೊಡುತ್ತಿದ್ದರು. ಆದರೆ ಮೊದಲು ಮನೆಯ ತೂತುಗಳನ್ನು ಮುಚ್ಚಿಸಬೇಕು. ತೂತು ಹುಡುಕಲು ಒಬ್ಬ ಹುಡುಗ ಬಂದ. ಮುಂಬಾಗಿಲಿಗೆ ಕೆಂಪು ಬಟ್ಟೆಯ ಚೌಕಟ್ಟು ಕಟ್ಟಿ, ನಡುವೆ ದೊಡ್ಡ ಫ್ಯಾನ್ ಕೂರಿಸಿ, ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯತೊಡಗಿದ. ಒಳಗೆ ಒತ್ತಡ ಇಳಿದಂತೆ ಹೊರಗಿನ ಗಾಳಿ ಕಂಡ ಕಂಡ ಸಂದಿಯಿಂದ ನುಗ್ಗಿತು. ಎಲ್ಲಿಂದ ಎಂದು ತೋರಿಸಲು ಅವನ ಹತ್ತಿರ ಹೊಗೆಯುಗುಳುವ ಪೆನ್ನೊಂದಿತ್ತು. ಅದು ಕೈಕೊಟ್ಟಿತು. ಅಮ್ಮ ಒಳಗೆ ಹೋಗಿ ದೇವರ ಮುಂದಿನ ಊದುಬತ್ತಿ ಹಚ್ಚಿ ತಂದಳು.

ಹುಡುಗ ಊದುಬತ್ತಿ ಹಿಡಿದು ಮನೆಯೆಲ್ಲ ಸುತ್ತಿದ. ಸ್ವಿಚ್ ಬೋರ್ಡಿನ ಮುಂದೆ ಹೊಗೆ ಅಡ್ಡಕ್ಕೆ ಓಡಿತು. ಕಿಟಕಿಯ ಚೌಕಟ್ಟಿನ ಬುಡದಲ್ಲಿ ಕುಣಿಯಿತು. ಅಟ್ಟದ ಬಾಗಿಲಿನ ಕೆಳಗಂತೂ ಬತ್ತಿಯ ತುದಿ ಕೆಂಪಗೆ ಉರಿಯಿತು. ಹಿಂದೆಯೇ ಅಮ್ಮ ಕೈಮುಗಿದುಕೊಂಡು ನಡೆದಳು. ಅಮೆರಿಕದಲ್ಲಿ ನಮ್ಮ ಮನೆಗೆ ಇಷ್ಟು ಶ್ರದ್ಧೆಯಿಂದ ಧೂಪ ಹಾಕಿದವರು ಯಾರೂ ಇರಲಿಲ್ಲ. ಮುಂದಿನ ತಿಂಗಳು ಸಂದಿಗಳನ್ನೆಲ್ಲ ಮುಚ್ಚಿದರು. ಅಟ್ಟಕ್ಕೆ ಕೊಳವೆಯಿಂದ ಬೂದು ಬಣ್ಣದ ನಾರು ಊದಿದರು. ಏನೆಂದು ಕೇಳಿದರೆ ಹಳೆಯ ಪೇಪರು, ಪುಡಿ ಮಾಡಿ ಬೆಂಕಿ ಹತ್ತದಂತೆ ಬೋರೇಟ್ ಬೆರೆಸಿದ್ದಂತೆ. ಮನೆ ತುಂಬ ಹಳೇ ಪೇಪರ್ ಒಟ್ಟಿಕೊಂಡಿದ್ದೀರೆಂದು ಹೆಂಡತಿ ಬಯ್ಯುತ್ತಿದ್ದುದಕ್ಕೆ ಈಗ ಸರ್ಕಾರಿ ಮಟ್ಟದ ಸಮರ್ಥನೆ ಸಿಕ್ಕಿತು.

ಮುಂದಿನದು ಕಾಂಟ್ರಾಕ್ಟರುಗಳ ಮೆರವಣಿಗೆ.

ಮೊದಲು ಬಂದವರ ಬೂಟು ಹೊಳೆಯುತ್ತಿತ್ತು. ರಸ್ತೆಯಲ್ಲಿ ನಿಂತು ಮನೆಯದೊಂದು ಫೋಟೊ ತೆಗೆದರು, ಸೋಫಾದಲ್ಲಿ ಕುಳಿತರು, ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸಿದರು. "ನಿಮಗೆ 5 ಟನ್ ಬೇಕಾಗುತ್ತೆ. 38,000 ಡಾಲರ್. ಇವತ್ತೇ ಸಹಿ ಮಾಡಿದರೆ 4,000 ಕಡಿಮೆ." ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆಗೆ ಚೌಕಾಶಿ ಮಾಡಿ ಬೆಳೆದ ನನ್ನ ಹೆಂಡತಿ ಮುಖಭಾವ ಬದಲಿಸದೆ ಕುಳಿತಳು, ಐದು ನಿಮಿಷದಲ್ಲಿ ಇನ್ನೊಂದು ಸಾವಿರ ತಾನಾಗಿಯೇ ಇಳಿಯಿತು. "ಬಾಯ್ಲರ್ ನೋಡ್ತೀರಾ?" ಎಂದು ಕೇಳಿದೆ. "ಹೇಗೂ ಅದನ್ನು ಕಿತ್ತು ಬಿಸಾಡೋದೇ ಅಲ್ಲವೆ" ಎಂದು ನಕ್ಕರು. ಅವರು ಹೋದ ಮೇಲೆ ಅಮ್ಮ ಹೇಳಿದಳು: "ಕಾಲಿಗೆ ಮಣ್ಣು ಹತ್ತಿಸ್ಕೊಳ್ದೆ ತೋಟದ ಫಸಲು ಹೇಳ್ತಾನಲ್ಲೋ ಇವ್ನು."

ಎರಡನೆಯವರು ಬರುತ್ತೇನೆಂದದ್ದು ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ. ಯಾವ ದಿನದ ಎಂಟು ಹನ್ನೆರಡು ಎಂಬುದು ಇವತ್ತಿಗೂ ತಿಳಿಯಲಿಲ್ಲ.

ಮೂರನೆಯವರು ಒಳ್ಳೆಯ ಮಾತುಗಾರರು, ಇಪ್ಪತ್ತು ವರ್ಷದ ಅನುಭವಸ್ಥರು. ನಮ್ಮ ಮನೆಯಲ್ಲಿ ಗಾಳಿ ಹರಿಸುವ ಡಕ್ಟ್ ಇಲ್ಲವಾದ್ದರಿಂದ ಕೋಣೆಗೊಂದರಂತೆ ಗೋಡೆಗೆ ಐದು ಬಿಳಿ ಪೆಟ್ಟಿಗೆ ಹೊಡೆಯೋಣ ಎಂದರು. ದೇವರ ಗೂಡಿನ ಮೇಲೂ ಒಂದು ಪೆಟ್ಟಿಗೆಯ ಗುರುತು ಹಾಕಿದರು. ಹೆಂಡತಿ ಗೋಡೆಗಳನ್ನು ಒಂದು ಸುತ್ತು ನೋಡಿ, "ಮನೇನೋ ಲಾಡ್ಜೋ" ಎಂದು ಕನ್ನಡದಲ್ಲಿ ಗೊಣಗಿದಳು. ಇವರು ನೆಲಮಾಳಿಗೆಗೇನೋ ಇಳಿದರು. ಇಳಿದವರು ಬರೆಯಲು ಜಾಗ ಹುಡುಕಿ, ಕೈಲಿದ್ದ ಪ್ಯಾಡನ್ನು ಹಿಟ್ಟಿನ ಪಾತ್ರೆಯ ಮೇಲಿಟ್ಟುಕೊಂಡು ಬರೆದರು. ಕೆಳಗೇನಿದೆ ಎಂದು ನೋಡಲಿಲ್ಲ. "ಎಷ್ಟು ಟನ್ ಅಂತ ಹೇಗೆ ಲೆಕ್ಕ ಹಾಕ್ತೀರಿ?" ಎಂದು ಕೇಳಿದೆ. "ನೋಡಿದರೇ ಗೊತ್ತಾಗುತ್ತೆ. ಸ್ವಲ್ಪ ದೊಡ್ಡದೇ ಇರಲಿ, ಚಳಿ ಜಾಸ್ತಿಯಾದರೆ ಬೇಕಲ್ಲ" ಎಂದರು.

ಆಗ ನನಗೆ ಊರಿನ ದರ್ಜಿ ನೆನಪಾದ. ಪ್ರತಿ ಜೂನಿನಲ್ಲಿ ಅಪ್ಪ ನನ್ನನ್ನು ಖಾಕಿ ಚಡ್ಡಿ ಹೊಲಿಸಲು ಅವನ ಅಂಗಡಿಗೆ ಕರೆದೊಯ್ಯುತ್ತಿದ್ದರು. ಟೇಪು ಅವನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಬೆಳೆಯೋ ಹುಡುಗ, ಎರಡಿಂಚು ಬಿಟ್ಟಿರ್ತೀನಿ" ಎನ್ನುತ್ತಿದ್ದ. ಆ ಚಡ್ಡಿ ಮೊದಲ ವರ್ಷ ಮೊಣಕಾಲ ಕೆಳಗೆ, ಎರಡನೆಯ ವರ್ಷ ಮೊಣಕಾಲಿಗೆ, ಮೂರನೆಯ ವರ್ಷ ಸರಿಯಾದ ಜಾಗಕ್ಕೆ ಬರುವ ಹೊತ್ತಿಗೆ ಹಿಂಬದಿ ಸವೆದು ತೇಪೆ ಕೇಳುತ್ತಿತ್ತು. ಹುಡುಗನಾದರೋ ಬೆಳೆದ. 1962ರ ಮನೆ ಇನ್ನೆಲ್ಲಿ ಬೆಳೆಯುತ್ತದೆ ಮಾರಾಯ್ರೆ?

ಅದೂ ಅಲ್ಲದೆ ದೊಡ್ಡ ಹೀಟ್ ಪಂಪು ದೊಡ್ಡ ಚಡ್ಡಿಯಂತೆ ಸುಮ್ಮನೆ ಜೋತಾಡಿಕೊಂಡೂ ಇರುವುದಿಲ್ಲ. ಹೊತ್ತಿಕೊಂಡ ಹತ್ತು ನಿಮಿಷಕ್ಕೇ ಮನೆ ಬಿಸಿಯಾಗಿಬಿಡುತ್ತದೆ, ನಿಲ್ಲುತ್ತದೆ. ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕ ಆಟೋದಂತೆ ಕರೆಂಟೂ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರ ಏಸಿಯಾದಾಗ ಮನೆಯನ್ನು ತಣ್ಣಗೆ ಮಾಡುತ್ತದೆಯೇ ಹೊರತು, ಗಾಳಿಯ ಪಸೆ ಹೀರುವಷ್ಟು ಹೊತ್ತು ಓಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಕಾಲಿದ್ದಷ್ಟೇ ಹಾಸಿಗೆ ಹಾಸಬೇಕು.

ಈ ಟನ್ ಎಂಬ ಲೆಕ್ಕದ ಹಿಂದೆ ಒಂದು ಕತೆಯಿದೆ. ಹೀಟ್ ಪಂಪಿನ ಒಂದು ಟನ್ ಅದರ ತೂಕವಲ್ಲ. ಒಂದು ಟನ್ ಮಂಜುಗಡ್ಡೆಯನ್ನು ಇಪ್ಪತ್ನಾಲ್ಕು ಗಂಟೆಯಲ್ಲಿ ಕರಗಿಸಲು ಬೇಕಾಗುವಷ್ಟು ಶಾಖ. ಗಂಟೆಗೆ 12,000 ಬಿಟಿಯು; ಬಿಟಿಯು ಎಂದರೆ ಇಲ್ಲಿ ಶಾಖದ ಅಳತೆ. ಯಂತ್ರಗಳು ಬರುವ ಮುಂಚೆ ತಂಪು ಎಂದರೆ ಮಂಜುಗಡ್ಡೆಯೇ ಆಗಿದ್ದ ಕಾಲದ ಉಳಿಕೆ ಅದು. ಆ ಮಂಜುಗಡ್ಡೆಯ ದೊಡ್ಡ ವ್ಯಾಪಾರಿ ನಮ್ಮ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಇಲ್ಲಿನ ಕೆರೆಗಳಿಂದ ಗರಗಸದಲ್ಲಿ ಕೊಯ್ದ ಗಡ್ಡೆಯನ್ನು 1833ರಲ್ಲಿ ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. 180 ಟನ್ ಹೊರಟು, ನಾಲ್ಕು ತಿಂಗಳ ಬಳಿಕ ಸುಮಾರು 100 ಟನ್ ತಲುಪಿತಂತೆ. ಮುಂದೆ ಮದರಾಸಿಗೂ ಹೋಯಿತು. ಅಲ್ಲಿ ಅದನ್ನಿಡಲು ಕಟ್ಟಿಸಿದ ಐಸ್ ಹೌಸಿನಲ್ಲೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಇಲ್ಲಿನ ಚಳಿಯನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ಮಾರಿದರು; ನಾವು ವಿಮಾನ ಹತ್ತಿ ಬಂದು ಉಳಿದ ಚಳಿಯನ್ನು ಅನುಭವಿಸುತ್ತಿದ್ದೇವೆ.

ನಾಲ್ಕನೆಯವರು ಬಂದದ್ದು ಆಗಸ್ಟ್ ಕೊನೆಗೆ. ಅಪ್ಪ ಮಗಳು ಸೇರಿ ನಡೆಸುವ ಚಿಕ್ಕ ಕಂಪನಿ. ಬಂದದ್ದು ಮಗಳು, ನಲವತ್ತರ ಆಸುಪಾಸಿನ ಹೆಂಗಸು. ಕೆಸರಾದ ಬೂಟನ್ನು ಬಾಗಿಲಲ್ಲೇ ಕಳಚಿ ಒಳಗೆ ಕಾಲಿಟ್ಟರು. ಅಲ್ಲಿಗೆ ಅಮ್ಮನ ಮತ ಬಿದ್ದಾಗಿತ್ತು, ಉಳಿದದ್ದು ಎಣಿಕೆಯಷ್ಟೆ.

ಆಕೆ ಯಂತ್ರದ ಮಾತೇ ಎತ್ತಲಿಲ್ಲ. ಮೊದಲು ಕೇಳಿದ್ದು ಮೂರು ವರ್ಷದ ಎಣ್ಣೆ ಬಿಲ್ಲು. ಆಮೇಲೆ ಟೇಪು ತೆಗೆದು ಕೋಣೆ ಕೋಣೆ ಅಳೆದರು. ಕಿಟಕಿ ಎಷ್ಟು, ಯಾವ ದಿಕ್ಕಿಗೆ, ಗಾಜು ಒಂಟಿಯೋ ಜೋಡಿಯೋ. ಅಟ್ಟ ಹತ್ತಿ ಹಳೇ ಪೇಪರಿನ ಹಾಸು ಎಷ್ಟು ದಪ್ಪವಿದೆ ಎಂದು ಸ್ಕೇಲು ಚುಚ್ಚಿ ನೋಡಿದರು. ಮ್ಯಾನುಯಲ್ ಜೆ ಎಂಬ ಲೆಕ್ಕದ ಪದ್ಧತಿಯಂತೆ ಇದನ್ನೆಲ್ಲ ಕೂಡಿಸಿ, ಚಳಿಯ ಅತಿ ತಣ್ಣನೆ ಗಂಟೆಗಳಲ್ಲಿ ಈ ಮನೆ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂದು ಕಂಡುಹಿಡಿಯುತ್ತಾರಂತೆ. ಮಧ್ಯೆ ಅಮ್ಮ ಎರಡು ಸಲ ಕಾಫಿ ಕೊಟ್ಟಳು. ಆಕೆ ಎರಡೂ ಸಲ ಪೂರ್ತಿ ಕುಡಿದರು.

ಕೊನೆಗೆ ನೆಲಮಾಳಿಗೆ. ಬಾಯ್ಲರನ್ನು ಸುತ್ತಿ ನೋಡಿ, ಅದರ ಪಟ್ಟಿಯ ಮೇಲಿದ್ದ 1,40,000 ಬಿಟಿಯು ಅಂಕಿ ಬರೆದುಕೊಂಡು, "ಇದೂ ಯಾರೋ ಅಳೆಯದೆ ಹಾಕಿದ್ದೇ" ಎಂದರು. ಅಷ್ಟರಲ್ಲಿ ಸ್ಟೂಲಿನ ಕಡೆ ಕಣ್ಣು ಹೋಯಿತು. ಅಂದು ಶುಕ್ರವಾರ. ಟವೆಲ್ ಹೊದ್ದು ಪಾತ್ರೆ ಕುಳಿತಿತ್ತು.

"ಇದೇನು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಕ್ಕಿ, ಉದ್ದು, ಮೆಂತ್ಯದಿಂದ ಶುರುಮಾಡಿ ಎಲ್ಲ ಹೇಳಿದಳು. ಆಕೆ ಕಿವಿಗೊಟ್ಟು ಕೇಳಿ, ಜೇಬಿನಿಂದ ಥರ್ಮಾಮೀಟರ್ ತೆಗೆದು ಪಾತ್ರೆಯ ಪಕ್ಕ ಹಿಡಿದರು. 29 ಡಿಗ್ರಿ. ಅದನ್ನೂ ಬರೆದುಕೊಂಡರು.

"ಬಾಯ್ಲರ್ ಹೋದ ಮೇಲೆ ಚಳಿಗಾಲದಲ್ಲಿ ಈ ಜಾಗ ಹದಿನೈದಕ್ಕೆ ಇಳಿಯುತ್ತೆ. ಸ್ನಾನದ ನೀರಿಗೂ ಹೀಟ್ ಪಂಪ್ ಗೀಸರ್ ಹಾಕಿದರೆ ಅದು ಇಲ್ಲಿನ ಗಾಳಿಯಿಂದಲೇ ಬಿಸಿ ತಗೊಳ್ಳೋದರಿಂದ ಇನ್ನೂ ಒಂದೆರಡು ಡಿಗ್ರಿ ಇಳಿಯುತ್ತೆ. ಈ ಪಾತ್ರೆಗೆ ನೀವು ಬೇರೆ ಜಾಗ ನೋಡಿಕೊಳ್ಳಬೇಕಾಗುತ್ತೆ."

ಹೆಂಡತಿ ನನ್ನ ಮುಖ ನೋಡಿದಳು. ಅಷ್ಟು ದಿನ ಬಂದವರೆಲ್ಲ ನಮಗೆ ಏನೇನು ಸಿಗುತ್ತದೆ ಎಂದು ಹೇಳಿದ್ದರು. ಏನು ಹೋಗುತ್ತದೆ ಎಂದು ಹೇಳಿದವರು ಇವರೊಬ್ಬರೇ.

ಒಂದು ವಾರಕ್ಕೆ ಲೆಕ್ಕ ಬಂತು. ಮನೆಗೆ ಬೇಕಾದದ್ದು 34,000 ಬಿಟಿಯು, ಅಂದರೆ 3 ಟನ್. ಮೇಲಿನ ಮಲಗುವ ಕೋಣೆಗಳಿಗೆ ಅಟ್ಟದಿಂದ ಡಕ್ಟ್, ಕೆಳಗೆ ಗೋಡೆಗೆ ಎರಡೇ ಪೆಟ್ಟಿಗೆ, ದೇವರಿಗೆ ತೊಂದರೆಯಿಲ್ಲ. 5 ಟನ್ ಆಗಿದ್ದರೆ ಮನೆಯ 100 ಆಂಪಿಯರ್ ಕರೆಂಟ್ ಸಾಲದೆ ಮೀಟರ್ ಬೋರ್ಡನ್ನೂ ಬದಲಿಸಬೇಕಿತ್ತು. 3 ಟನ್ನಿಗೆ ಇದ್ದದ್ದೇ ಸಾಕು. ಒಟ್ಟು 31,000 ಡಾಲರ್. ಮೂರನೆಯವರ 5 ಟನ್ನಿನ ಕೊಟೇಶನ್ 29,000 ಇತ್ತು. ನಾವು ಎರಡು ಸಾವಿರ ಹೆಚ್ಚು ಕೊಟ್ಟು ಎರಡು ಟನ್ ಕಡಿಮೆ ಕೊಂಡೆವು. ಇದನ್ನು ಕೂಟದಲ್ಲಿ ಹೇಳಿದಾಗ ಭಾವಮೈದನ ಭಾವನವರು ನನ್ನ ಕಡೆ ಅನುಕಂಪದಿಂದ ನೋಡಿದರು.

"ಎಷ್ಟು ಉಳಿಯುತ್ತೆ?" ಎಂದು ಅವರು ಕೇಳಿದರು. ಇದು ಎಲ್ಲರ ಪ್ರಶ್ನೆ. ಲೆಕ್ಕ ಬರೆಯುವುದು ವೃತ್ತಿಯಾದ ನನ್ನ ಹೆಂಡತಿ ಉತ್ತರ ಸಿದ್ಧಪಡಿಸಿದ್ದಳು. ಎಣ್ಣೆ ಗ್ಯಾಲನ್ನಿಗೆ ನಾವು ಕೊಡುತ್ತಿದ್ದದ್ದು 3.80 ಡಾಲರ್. ಗ್ಯಾಲನ್ನಿನಲ್ಲಿ 1,38,500 ಬಿಟಿಯು, ಅದರಲ್ಲಿ ನೂರಕ್ಕೆ ಹದಿನೈದು ಚಿಮಣಿಗೆ ದಾನ. ಕರೆಂಟು ಯೂನಿಟ್ಟಿಗೆ 30 ಸೆಂಟ್. ಯೂನಿಟ್ಟಿಗೆ 3,412 ಬಿಟಿಯು, ಹೀಟ್ ಪಂಪು ಅದನ್ನು ಸರಾಸರಿ 2.7 ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ಬಿಟಿಯುಗೆ ಎಣ್ಣೆಯಲ್ಲಿ 32 ಡಾಲರ್ ಚಿಲ್ಲರೆ, ಹೀಟ್ ಪಂಪಿನಲ್ಲೂ 32 ಡಾಲರ್ ಚಿಲ್ಲರೆ. ಅಂದರೆ ನಾವು ಏನೂ ಉಳಿಸುವುದಿಲ್ಲ. ಬೇಸಿಗೆಗೆ ಏಸಿ ಸಿಗುತ್ತದೆ, ಎಣ್ಣೆ ವಾಸನೆ ಹೋಗುತ್ತದೆ, ಮನೆಯೊಳಗೆ ಹೊಗೆಯುಗುಳುವುದೊಂದು ತಪ್ಪುತ್ತದೆ. ಬರೀ ಕಾಯಿಲ್ ಹೀಟರ್ ಹಾಕಿದ್ದರೆ ಅದೇ ಲೆಕ್ಕ 88 ಡಾಲರಿಗೆ ಹೋಗುತ್ತಿತ್ತು ಎಂಬುದೇ ಸಮಾಧಾನ.

ನವೆಂಬರಿನಲ್ಲಿ ಕೆಲಸ ನಡೆಯಿತು. ಅಮ್ಮ ಊರಿಗೆ ಮರಳಿದ್ದಳು, ಫೋನಿನಲ್ಲೇ ಉಸ್ತುವಾರಿ. ನನಗೆ ಮೆಚ್ಚಿಗೆಯಾದದ್ದು ಎರಡು ಸಂಗತಿ. ಒಂದು, ತಾಮ್ರದ ಕೊಳವೆ ಜೋಡಿಸಿದ ಮೇಲೆ ಅದರಲ್ಲಿ ಸಾರಜನಕ ತುಂಬಿ, ಮೀಟರ್ ಹಚ್ಚಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಮುಳ್ಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಸೈಕಲ್ ಶಾಪಿನವನು ಟ್ಯೂಬನ್ನು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದನಲ್ಲ, ಅದೇ ವಿದ್ಯೆ. ಇನ್ನೊಂದು, ಎಣ್ಣೆ ಟ್ಯಾಂಕಿನ ಜೊತೆಗೆ ಹೊರಗೋಡೆಯ ಪೈಪನ್ನೂ ಕಿತ್ತು ತೂತಿಗೆ ಸಿಮೆಂಟ್ ಮೆತ್ತಿದರು. ಯಾಕೆಂದರೆ ಟ್ಯಾಂಕು ಹೋಗಿ ಪೈಪು ಉಳಿದ ಮನೆಗಳಲ್ಲಿ ಲಾರಿಯವನು ವಿಳಾಸ ತಪ್ಪಿ ಬಂದು ನೆಲಮಾಳಿಗೆಗೇ ಎಣ್ಣೆ ಸುರಿದದ್ದುಂಟಂತೆ. ಪಾಪ, ಸಿಳ್ಳೆಗಾಗಿ ಅವನು ಎಷ್ಟು ಹೊತ್ತು ಕಾದಿರಬೇಡ!

ಜನವರಿಯ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಓಡಿ ಬಂದು ಬಾಗಿಲು ಬಡಿದರು. "ನಿಮ್ಮ ಹೊಸ ಯಂತ್ರಕ್ಕೆ ಬೆಂಕಿ ಬಿದ್ದಿದೆ!" ಹೋಗಿ ನೋಡಿದರೆ ಹಿಮದ ನಡುವೆ, ಸ್ಟ್ಯಾಂಡಿನ ಮೇಲೆ ಕುಳಿತ ಯಂತ್ರದಿಂದ ಬೆಳ್ಳಗೆ ಹೊಗೆಯೇಳುತ್ತಿತ್ತು. ಹೊಗೆಯಲ್ಲ, ಹಬೆ. ತಣ್ಣನೆ ಗಾಳಿಯಿಂದ ಬಿಸಿ ಎಳೆಯುತ್ತ ಎಳೆಯುತ್ತ ಹೊರಗಿನ ಯಂತ್ರದ ಮೈಗೆ ಮಂಜು ಕಟ್ಟುತ್ತದೆ. ಆಗಾಗ ಅದು ಕೆಲವು ನಿಮಿಷ ತಿರುಗುಮುರುಗಾಗಿ ಓಡಿ, ಮನೆಯ ಬಿಸಿಯನ್ನೇ ಒಂದಿಷ್ಟು ಸಾಲ ತೆಗೆದುಕೊಂಡು ಮಂಜು ಕರಗಿಸಿಕೊಳ್ಳುತ್ತದೆ. ವಿಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಬಚ್ಚಲೊಲೆ ಹೊಗೆ ಬಂದಂಗೇ ಇದೆ ನೋಡು" ಎಂದು ಖುಷಿಪಟ್ಟಳು. ಕೂಡಲೇ, "ಹಿಟ್ಟು ಎಲ್ಲಿಡ್ತೀರೋ ಈಗ?" ಎಂದಳು.

ನಾನು ಸುಮ್ಮನಾದೆ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಮತ್ತೆ ಅಕ್ಕಿರೊಟ್ಟಿಯ ಕಾಲ ನಡೆದಿತ್ತು. ಹೀಟ್ ಪಂಪು ಮನೆಯನ್ನು 20 ಡಿಗ್ರಿಯಲ್ಲಿ ಹಿತವಾಗಿ, ಸಮನಾಗಿ ಇಡುತ್ತದೆ. ಮನುಷ್ಯರಿಗೆ ಅದು ಸಾಕು. ಹಿಟ್ಟಿಗೆ ಸಾಲದು.

"ಫ್ರಿಜ್ಜಿನ ಬೆನ್ನು ಬಿಸಿ ಅಂತ ನೀನೇ ತೋರಿಸಿದ್ಯಲ್ಲೋ" ಎಂದಳು ಅಮ್ಮ.

ಆ ರಾತ್ರಿ ನಾವಿಬ್ಬರೂ ಸೇರಿ ಫ್ರಿಜ್ಜನ್ನು ಗೋಡೆಯಿಂದ ಒಂದಡಿ ಮುಂದಕ್ಕೆಳೆದೆವು. ನೆಲಮಾಳಿಗೆಯಿಂದ ಅದೇ ಹಳೆಯ ಸ್ಟೂಲ್ ತಂದು ಹಿಂದೆ ಹಾಕಿ, ಪಾತ್ರೆಯಿಟ್ಟು ಟವೆಲ್ ಹೊದಿಸಿದೆವು. ಒಂದು ರಾತ್ರಿಯ ಬದಲು ಒಂದೂವರೆ ದಿನ ಬೇಕಾಯಿತು. ಆದರೂ ಉಬ್ಬಿತು. ಈಗ ನಮ್ಮಲ್ಲಿ ದೋಸೆಯ ವಾರ ಶನಿವಾರದಿಂದ ಭಾನುವಾರಕ್ಕೆ ಬದಲಾಗಿದೆ.

ನೀವೂ ಹೀಟ್ ಪಂಪು ಹಾಕಿಸುವವರಾದರೆ ಯಾವ ಕಂಪನಿಯದು, ಎಷ್ಟು ಸ್ಟಾರು ಎಂದು ರಾತ್ರಿಯೆಲ್ಲ ನಿದ್ದೆಗೆಡಬೇಡಿ. ಕಾಂಟ್ರಾಕ್ಟರ್ ಬಂದಾಗ ಕೈಯಲ್ಲಿ ಟೇಪು ಇದೆಯೋ ಇಲ್ಲವೋ ನೋಡಿ. ಹಳೆಯ ಬಿಲ್ಲು ಕೇಳಿದರೆ ಕಾಫಿ ಕೊಡಿ. ಸ್ಟೂಲಿನ ಮೇಲೆ ಇದೇನು ಎಂದು ಕೇಳಿದರೆ, ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡಿ.